ಅಪ್ಪನಿಗೆ ಅಟ್ಯಾಕ್, ಅಣ್ಣನಿಗೆ ಸ್ಟೆಂಟ್, ನಾನು ಜೀನ್ ಟೆಸ್ಟ್ ಮಾಡಿಸ್ಬೇಕಾ? (ಹಾಸನ)

ಸಾಲಗಾಮೆ_ರೋಡ್:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ. ನಮ್ಮಪ್ಪ 49ಕ್ಕೇ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡ್ರು. ಅಣ್ಣನಿಗೆ ಹೋದ್ವರ್ಷ ಸ್ಟೆಂಟ್ ಹಾಕಿದ್ರು, ಆಗ ಅವನಿಗೆ 43, ಬೀಡಿ ಸಿಗರೇಟು ಏನೂ ಇಲ್ಲ, ಶುಗರ್ ಇಲ್ಲ, ಬೆಳಗಿಂದ ಸಂಜೆ ತನಕ ತೋಟದಲ್ಲಿ ಓಡಾಡ್ಕೊಂಡಿರೋ ಮನುಷ್ಯ. ನಂಗೀಗ 38. 2025ರ ಜೂನ್ ಜುಲೈನಲ್ಲಿ ಟೀವಿಯೋರು ದಿನಾ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವು ಅಂತ ತೋರ್ಸಿದ್ರಲ್ಲ, ಆವಾಗಿಂದ ನಮ್ಮಮ್ಮಂಗೆ ಸರಿಯಾಗಿ ನಿದ್ದೆ ಇಲ್ಲ, ನಾನು ಸುಮ್ನೆ ಎದೆ ಉಜ್ಕೊಂಡ್ರೂ ಗಾಬರಿ ಬೀಳ್ತಾರೆ. ಅದೇ ಟೈಮಲ್ಲಿ ಇಂಥ ಸಾವುಗಳಿಗೆ ಜೀನ್ ಮ್ಯುಟೇಶನ್, ಅಂದ್ರೆ ಜೀನಲ್ಲಿ ಆಗೋ ಬದಲಾವಣೆ ಕಾರಣ ಅಂತಾನೂ ಪೇಪರಲ್ಲಿ ಬಂತು. ಈಗ ಆಫೀಸಲ್ಲಿ ಒಬ್ರು ಆನ್‌ಲೈನಲ್ಲಿ ಎಂಜಲು ಕಳ್ಸೋ ಕಿಟ್ ತರಿಸಿದಾರೆ, ಒಂದೇ ಟೆಸ್ಟಲ್ಲಿ ನೂರಾರು ಕಾಯಿಲೆ ರಿಸ್ಕ್ ಹೇಳ್ತಾರಂತೆ, ಆಫರ್ ಇದೆ ನೀನೂ ತಗೋ ಅಂತಿದಾರೆ. ದುಡ್ಡು ಹೊಂದಿಸ್ಬೋದು, ಆದ್ರೆ ಅದ್ರಿಂದ ನಂಗೆ ನಿಜವಾಗ್ಲೂ ಏನಾದ್ರೂ ಗೊತ್ತಾಗುತ್ತಾ? ತಿಳ್ದೋರು ಹೇಳಿ.

ಅರಕಲಗೂಡು_ಗೌಡ:
ತಮ್ಮಾ ದುಡ್ಡು ಉಳಿಸ್ಕೋ. ನಮ್ಮ ತಾತ ಮುದ್ದೆ ಸೊಪ್ಪಿನ ಸಾರು ತಿಂದು ಗೇಯ್ದು ತೊಂಬತ್ತು ದಾಟಿದ್ರು, ಅವ್ರ ಜೀನೇ ನಮ್ಮ ಮೈಲೂ ಇರೋದು. ಈಗಿನೋರಿಗೆ ಬೇಕರಿ ಪಪ್ಸು, ಗೋಬಿ, ರಾತ್ರಿ ಹನ್ನೆರಡರ ತನಕ ಮೊಬೈಲು, ಹಾರ್ಟು ಹೋಗ್ದೆ ಇನ್ನೇನಾಯ್ತದೆ. ಜೀನು ಗೀನು ಅಂತ ಹೇಳೋದೆಲ್ಲ ಟೆಸ್ಟ್ ಮಾರೋರ ಮಾತು.

ಲ್ಯಾಬ್_ಅಕ್ಕ_ಹಾಸನ:
ಗೌಡ್ರೆ ಊಟದ ಮಾತು ಒಪ್ಪಿದೆ, ಆದ್ರೆ ಇವ್ರ ಅಣ್ಣ ನೀವು ಹೇಳಿದ್ ಥರಾನೇ ಬದುಕಿದೋರಲ್ವಾ, ಅವ್ರಿಗ್ಯಾಕೆ 43ಕ್ಕೆ ಬಂತು? ಅದಕ್ಕೆ ಉತ್ತರ ಬೇಕಲ್ಲ.
ಸಾಲಗಾಮೆ ರೋಡ್ ಬ್ರದರ್, ನಿಮ್ಮ ಲಿಪಿಡ್ ಪ್ರೊಫೈಲ್, ಅಂದ್ರೆ ಕೊಲೆಸ್ಟ್ರಾಲ್ ನೋಡೋ ರಕ್ತ ಪರೀಕ್ಷೆ, ಯಾವಾಗ್ಲಾದ್ರೂ ಮಾಡ್ಸಿದೀರಾ? ನಾನು ಲ್ಯಾಬಲ್ಲಿ ಕೆಲಸ ಮಾಡೋಳು. ಆ ಗಲಾಟೆ ಟೈಮಲ್ಲಿ ನಮ್ಮಲ್ಲಿಗೆ ಜನ ಕ್ಯೂ ನಿಂತು ಇಸಿಜಿ ಕೇಳೋರು, ಮೈಸೂರು ಬೆಂಗಳೂರು ಜಯದೇವ ಹಾರ್ಟ್ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಜನ ನಿಂತಿದ್ರು. ಇಸಿಜಿ ನಾರ್ಮಲ್ ಬಂದ್ರೆ ಸಾಕು ಅಂತ ಖುಷಿಯಾಗಿ ಮನೆಗೆ ಹೋಗೋರು, ಕೊಲೆಸ್ಟ್ರಾಲ್ ನೋಡ್ಸಿದೀರಾ ಅಂದ್ರೆ ತುಂಬಾ ಜನ ಇಲ್ಲ ಅನ್ನೋರು. ಇಸಿಜಿ ಆ ಹೊತ್ತಿಂದು ಹೇಳುತ್ತೆ ಅಷ್ಟೇ, ರಕ್ತನಾಳದಲ್ಲಿ ಇಪ್ಪತ್ತು ವರ್ಷದಿಂದ ಏನು ಕೂತ್ಕೊತಿದೆ ಅಂತ ಹೇಳಲ್ಲ.

ಬೇಲೂರು_ಜೆನೆಟಿಕ್ಸ್:
ನಮ್ಮೂರು ಬೇಲೂರು, ಈಗ ಬೆಂಗಳೂರಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಕೆಲಸದಲ್ಲಿದೀನಿ, ಡಾಕ್ಟರ್ ಅಲ್ಲ, ಡಾಕ್ಟರ್ ಜೊತೆ ಕೂತು ಮನೆಯವರಿಗೆ ಇದನ್ನೆಲ್ಲ ವಿವರಿಸೋದು ನನ್ನ ಕೆಲಸ. ಈ ಪ್ರಶ್ನೆಗೆ ನಿಧಾನವಾಗಿ ಬರೀತೀನಿ ಯಾಕಂದ್ರೆ ನಮ್ಮ ಜಿಲ್ಲೇಲಿ ಇದೇ ಪ್ರಶ್ನೆ ಇಟ್ಕೊಂಡು ಕೂತಿರೋರು ಸಾವಿರಾರು ಜನ ಇದಾರೆ.

ಮೊದ್ಲು ಆ ಪೇಪರ್ ಸುದ್ದಿ. 2025ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳ ಬಗ್ಗೆ ಹೇಳಿಕೆ ಕೊಡ್ತು. ಚಿಕ್ಕ ವಯಸ್ಸಿನೋರ ಹಠಾತ್ ಸಾವಿಗೆ ಮುಖ್ಯ ಕಾರಣ ಈಗಲೂ ಹಾರ್ಟ್ ಅಟ್ಯಾಕೇ ಅಂತ ಏಮ್ಸ್ ಅಧ್ಯಯನದಲ್ಲಿ ಕಂಡುಬಂದಿತ್ತು. ಜೀನ್ ಮಾತು ಬಂದಿದ್ದು ಉಳಿದ ಒಂದು ಗುಂಪಿಗೆ, ಅಂದ್ರೆ ಕಾರಣವೇ ಸಿಗದ ಸಾವುಗಳಿಗೆ. ಅದರಲ್ಲಿ ಹೆಚ್ಚಿನವಕ್ಕೆ ಜೀನ್ ಬದಲಾವಣೆ ಕಾರಣ ಇರಬಹುದು ಅಂದ್ರು. ಟೀವಿಲಿ ಬರೋ ಹೊತ್ತಿಗೆ ಎರಡೂ ಸೇರಿಹೋಗಿ ಎಲ್ಲ ಸಾವಿಗೂ ಜೀನ್ ಕಾರಣ ಅನ್ನೋ ಥರ ಆಯ್ತು. ಅದಕ್ಕೂ ಮೊದಲಿನ ಐಸಿಎಂಆರ್ ಅಧ್ಯಯನ 18ರಿಂದ 45 ವಯಸ್ಸಿನೋರದ್ದು, 47 ಆಸ್ಪತ್ರೆಗಳದ್ದು, ಅದ್ರಲ್ಲಿ ಕೋವಿಡ್ ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಾಗಿಲ್ಲ ಅಂತ ಬಂತು. ಅಪಾಯ ಹೆಚ್ಚು ಕಂಡಿದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದೋರಲ್ಲಿ, ಸಾಯೋ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದೋರಲ್ಲಿ ಅಥವಾ ವಿಪರೀತ ದೇಹದಂಡನೆ ಮಾಡಿದೋರಲ್ಲಿ, ಮತ್ತೆ ಮನೇಲಿ ಮುಂಚೆ ಯಾರಾದ್ರೂ ಹಾಗೆ ಹಠಾತ್ತಾಗಿ ಹೋಗಿದ್ದೋರಲ್ಲಿ. ಈ ಕೊನೇದನ್ನ ನೆನಪಿಟ್ಕೊಳ್ಳಿ.

ಗೌಡ್ರ ಮಾತಲ್ಲೂ ಒಂದು ಸತ್ಯ ಇದೆ. ಜೀನ್ ಒಂದು ಬೇಸಿಗೆಲಿ ಬದಲಾಗಲ್ಲ, ಒಂದು ತಲೆಮಾರಲ್ಲೂ ಬದಲಾಗಲ್ಲ. ಹಾಸನದಲ್ಲಿ ಒಂದೇ ಸಲಕ್ಕೆ ಅಟ್ಯಾಕ್ ಜಾಸ್ತಿ ಆಗಿದ್ದೇ ನಿಜ ಆಗಿದ್ರೆ ಅದಕ್ಕೆ ಕಾರಣ ಜೀನ್ ಆಗೋಕೆ ಸಾಧ್ಯನೇ ಇರ್ಲಿಲ್ಲ. ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ ಆ ಜುಲೈನಲ್ಲೇ ವರದಿ ಕೊಟ್ಟು ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ, ಬಿಪಿ ಶುಗರ್ ಧೂಮಪಾನ ಇವೇ ಕಾರಣ ಅಂತ ಹೇಳ್ತು. ನಮ್ಮ ಕಡೆ ಚಿಕ್ಕ ವಯಸ್ಸಿಗೇ ಬರೋದು ಮುಂಚಿಂದಾನೂ ಇದೆ. 52 ದೇಶಗಳಲ್ಲಿ ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ ಅಟ್ಯಾಕ್ ಆದ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53, ಉಳಿದ ದೇಶದವರಲ್ಲಿ ಸುಮಾರು 59.

ಆದ್ರೆ ಜಿಲ್ಲೆಯ ಲೆಕ್ಕ ಬೇರೆ, ಒಂದು ಮನೆಯ ಲೆಕ್ಕ ಬೇರೆ. ಅಪ್ಪ 49, ಮಗ 43, ಅದೂ ದುಶ್ಚಟ ಇಲ್ಲದೆ. ಗಂಡಸರಲ್ಲಿ 55ರ ಒಳಗೆ, ಹೆಂಗಸರಲ್ಲಿ 65ರ ಒಳಗೆ ಮನೆಯೋರಿಗೆ ಹಾರ್ಟ್ ಕಾಯಿಲೆ ಬಂದಿದ್ರೆ ಅದನ್ನ ಡಾಕ್ಟರುಗಳು ಬೇರೆಯಾಗೇ ಗುರುತು ಹಾಕ್ಕೊತಾರೆ. ನಿಮ್ಮನೇಲಿ ನಾನು ಮೊದ್ಲು ಅನುಮಾನ ಪಡೋದು ವಂಶದಲ್ಲಿ ಬರೋ ಕೊಲೆಸ್ಟ್ರಾಲ್ ಕಾಯಿಲೆ, ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೆಮಿಯಾ ಅಂತಾರೆ, ಎಫ್‌ಎಚ್ ಅಂತ ಬರೀತೀನಿ. ನಿಮ್ಮ ಅಣ್ಣಂದು ಸ್ಟೆಂಟ್ ಹಾಕೋದಕ್ಕೂ ಮುಂಚಿನ ಯಾವುದಾದ್ರೂ ಹಳೇ ಬ್ಲಡ್ ರಿಪೋರ್ಟ್ ಇದ್ರೆ ಹುಡುಕಿ, ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟು ಅಂತ ನೋಡಿ. ಅಟ್ಯಾಕ್ ಆದ್ಮೇಲಿನ ರಿಪೋರ್ಟ್ ಮೇಲೆ ಭರವಸೆ ಇಡ್ಬೇಡಿ, ಅಟ್ಯಾಕ್ ಆಗಿ ಒಂದೆರಡು ದಿನಕ್ಕೆ ಎಲ್‌ಡಿಎಲ್ ತಾನಾಗೇ ಇಳಿದಿರುತ್ತೆ, ಆಮೇಲೆ ಮಾತ್ರೆ ಬೇರೆ ಶುರು ಆಗಿರುತ್ತೆ.

ಚನ್ನರಾಯಪಟ್ಟಣ_ಸವಿತಕ್ಕ:
ಎಫ್‌ಎಚ್ ಅಂದ್ರೆ ಏನು ಮೇಡಂ, ಸ್ವಲ್ಪ ಬಿಡ್ಸಿ ಹೇಳಿ. ಮೇಡಮ್ಮೋ ಸಾರೋ ಗೊತ್ತಿಲ್ಲ, ಬೇಜಾರ್ ಮಾಡ್ಕೋಬೇಡಿ.

ಬೇಲೂರು_ಜೆನೆಟಿಕ್ಸ್:
ಮೇಡಂ ಅಂತಾನೇ ಅನ್ನಿ ಅಕ್ಕ. ರಕ್ತದಲ್ಲಿರೋ ಎಲ್‌ಡಿಎಲ್ ಕೊಲೆಸ್ಟ್ರಾಲನ್ನ ಹಿಡ್ಕೊಂಡು ಒಳಗೆ ಎಳ್ಕೊಳೋಕೆ ಲಿವರ್ ಜೀವಕೋಶದ ಮೇಲೆ ರಿಸೆಪ್ಟರ್ ಅಂತ ಇರುತ್ತೆ. ಅದನ್ನ ಕಂಡುಹಿಡಿದಿದ್ದಕ್ಕೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅನ್ನೋ ಇಬ್ರಿಗೆ 1985ರಲ್ಲಿ ನೊಬೆಲ್ ಬಂತು, ಅವ್ರು ಶುರು ಮಾಡಿದ್ದೇ ಇಂಥ ಕಾಯಿಲೆ ಇದ್ದ ಮನೆಗಳ ಮಕ್ಕಳಿಂದ. ಆ ರಿಸೆಪ್ಟರಿನ ಜೀನ್ ನಮಗೆ ಅಪ್ಪನ ಕಡೆಯಿಂದ ಒಂದು ಅಮ್ಮನ ಕಡೆಯಿಂದ ಒಂದು ಬರುತ್ತೆ. ಅದ್ರಲ್ಲಿ ಒಂದು ಕೆಟ್ಟಿದ್ರೂ ಸಾಕು, ಹುಟ್ಟಿದ ದಿನದಿಂದ್ಲೇ ಎಲ್‌ಡಿಎಲ್ ಜಾಸ್ತಿ ಇರುತ್ತೆ. ನಾವು ಸೊಪ್ಪು ತಿಂದ್ರೂ ಓಡಾಡಿದ್ರೂ ಪೂರ್ತಿ ಇಳಿಯಲ್ಲ, ಯಾಕಂದ್ರೆ ಅದು ಊಟದಿಂದ ಬಂದಿದ್ದಲ್ಲ. ಮೂವತ್ತು ನಲವತ್ತು ವರ್ಷ ರಕ್ತನಾಳದ ಗೋಡೆ ಆ ಭಾರ ಹೊತ್ಕೊಂಡಿರುತ್ತೆ. ಚಿಕಿತ್ಸೆ ಇಲ್ದೆ ಬಿಟ್ರೆ ಗಂಡಸರಲ್ಲಿ ಹತ್ತತ್ರ ಅರ್ಧದಷ್ಟು ಜನಕ್ಕೆ 50ರ ಒಳಗೇ ಹಾರ್ಟ್ ಕಾಯಿಲೆ ಬರುತ್ತೆ, ಹೆಂಗಸರಲ್ಲಿ 60ರ ಒಳಗೆ ನೂರಕ್ಕೆ ಮೂವತ್ತರಷ್ಟು.

ಜಗತ್ತಿನ ಲೆಕ್ಕದಲ್ಲಿ ಇದು 250ರಿಂದ 300 ಜನಕ್ಕೆ ಒಬ್ಬರಲ್ಲಿ ಇದೆ. 2011ರ ಜನಗಣತಿಲಿ ನಮ್ಮ ಜಿಲ್ಲೆ ಜನಸಂಖ್ಯೆ ಸುಮಾರು 17.76 ಲಕ್ಷ, ಅದೇ ಲೆಕ್ಕ ಇಲ್ಲಿಗೂ ಹಾಕಿದ್ರೆ ಹಾಸನ ಜಿಲ್ಲೆ ಒಂದ್ರಲ್ಲೇ ಆರೇಳು ಸಾವಿರ ಜನ ಆಗ್ತಾರೆ. ಹೆಚ್ಚಿನೋರಿಗೆ ಇದು ತಮಗಿದೆ ಅಂತಾನೇ ಗೊತ್ತಿರಲ್ಲ, ನಂಗೆ ತುಂಬಾ ನೋವಾಗೋದು ಇದೇ ವಿಷಯಕ್ಕೆ. ಸಾಮಾನ್ಯ ರಕ್ತ ಪರೀಕ್ಷೇಲಿ ಅನುಮಾನ ಬರುತ್ತೆ, ದಿನಕ್ಕೊಂದು ಮಾತ್ರೆಲಿ ತಡೆಯೋಕೆ ಶುರು ಮಾಡ್ಬೋದು, ಆದ್ರೂ ಮನೆಯ ಮೂರನೇ ಗಂಡಸು ಹೋದ್ಮೇಲೆ ಯಾರೋ ಬಂದು ಕೇಳ್ತಾರೆ.

ಚನ್ನರಾಯಪಟ್ಟಣ_ಸವಿತಕ್ಕ:
ಇನ್ನೊಂದು ಕೇಳ್ತೀನಿ. ನಾನು ಮದ್ವೆ ಆಗಿರೋದು ನಮ್ಮ ಸೋದರಮಾವನ್ನೇ. ಇಬ್ರು ಮಕ್ಕಳು, ದೇವರ ದಯೆ ಚೆನ್ನಾಗಿದಾರೆ. ಆದ್ರೆ ಯಾರಾದ್ರೂ ಸಂಬಂಧದಲ್ಲಿ ಮದ್ವೆ ಅಂದ್ರೆ ಸಾಕು ಮಕ್ಕಳು ಸರಿ ಇರಲ್ಲ ಅಂತಾರೆ, ಕೇಳಿ ಕೇಳಿ ಸಂಕಟ ಆಗುತ್ತೆ. ನಿಜಾನಾ ಅದು?

ಬೇಲೂರು_ಜೆನೆಟಿಕ್ಸ್:
ಅಕ್ಕ, ಹಾಗೆ ಮುಖಕ್ಕೆ ಹೊಡೆದಂಗೆ ಮಾತಾಡೋದು ತಪ್ಪು. ಲೆಕ್ಕ ಹೇಳ್ತೀನಿ. ಮಾವ ಮತ್ತೆ ಅಕ್ಕನ ಮಗಳು ಸರಾಸರಿ ನಾಲ್ಕನೇ ಒಂದು ಭಾಗ ಜೀನ್ ಹಂಚ್ಕೊಂಡಿರ್ತಾರೆ, ಅತ್ತೆ ಮಗಳು ಮಾವನ ಮಗ ಆದ್ರೆ ಎಂಟನೇ ಒಂದು ಭಾಗ. ಕೆಲವು ಕಾಯಿಲೆಗೆ ಎರಡೂ ಪ್ರತಿ ಕೆಟ್ಟಿರ್ಬೇಕು, ಒಂದು ಕೆಟ್ಟಿದ್ರೆ ಏನೂ ಆಗಲ್ಲ. ನಮ್ಮೆಲ್ಲರ ಮೈಯಲ್ಲೂ ಅಂಥ ಒಂದೆರಡು ಇದ್ದೇ ಇರುತ್ತೆ. ಒಂದೇ ವಂಶದವರಾದ್ರೆ ಗಂಡ ಹೆಂಡ್ತಿ ಇಬ್ರಲ್ಲೂ ಅದೇ ಇರೋ ಸಾಧ್ಯತೆ ಹೆಚ್ಚು, ಆಗ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಮಗುಗೆ ಎರಡೂ ಕೆಟ್ಟಿದ್ದೇ ಬರ್ಬೋದು. ಅಪಾಯ ಹೆಚ್ಚಾಗೋದು ನಿಜ, ಆದ್ರೆ ಸಂಬಂಧದಲ್ಲಿ ಆದ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗೇ ಹುಟ್ತಾರೆ, ಇದೂ ಅಷ್ಟೇ ನಿಜ. ನಿಮ್ಮ ಮಕ್ಕಳು ಚೆನ್ನಾಗಿದ್ರೆ ಈಗ ಹೆದರೋಕೆ ಏನೂ ಇಲ್ಲ.
ಎಫ್‌ಎಚ್ ವಿಷಯಕ್ಕೆ ಬಂದ್ರೆ ಒಂದು ಎಚ್ಚರಿಕೆ ಇದೆ. ಎಫ್‌ಎಚ್ ಇರೋ ವಂಶದಲ್ಲಿ ಒಳಗೊಳಗೇ ಮದ್ವೆ ಆಗಿ ಮಗುಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದ್ರೆ ಅದು ಬಲು ಕಠಿಣ, ಹತ್ತು ಹದಿನೈದು ವಯಸ್ಸಲ್ಲೇ ಹಾರ್ಟ್ ತೊಂದ್ರೆ ಬರ್ಬೋದು. ಮೊಣಕೈ ಮೊಣಕಾಲು ಹಿಮ್ಮಡಿ ಹತ್ರ ಹಳದಿ ಗಂಟು ಕಾಣುತ್ತೆ, ಅಂಥ ಮಗುನ ಚರ್ಮದ ಡಾಕ್ಟರ್ ಹತ್ರ ಅಷ್ಟೇ ತೋರ್ಸಿ ಸುಮ್ನಾಗ್ಬಾರ್ದು.

ಲ್ಯಾಬ್_ಅಕ್ಕ_ಹಾಸನ:
ಮದ್ವೆ ಮಾತು ಬಂತು ಅಂತ ನಂದೂ ಒಂದು ಸೇರಿಸ್ತೀನಿ. ವರ್ಷಾನುಗಟ್ಲೆ ಐರನ್ ಮಾತ್ರೆ ನುಂಗಿದ್ರೂ ಹಿಮೋಗ್ಲೋಬಿನ್ ಏರ್ದೆ ಇರೋ ಹೆಣ್ಮಕ್ಕಳು ಬರ್ತಾರೆ. ಸಿಬಿಸಿ ಅನ್ನೋ ಮಾಮೂಲಿ ರಕ್ತ ಪರೀಕ್ಷೇಲಿ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಕಮ್ಮಿ ಇದ್ದು ಆರ್‌ಬಿಸಿ (ಕೆಂಪು ರಕ್ತಕಣ) ಎಣಿಕೆ ಮಾತ್ರ ಜಾಸ್ತಿ ಇದ್ರೆ ಥಲಸ್ಸೇಮಿಯಾ ಮೈನರ್, ಅಂದ್ರೆ ವಂಶದಲ್ಲಿ ಬರೋ ರಕ್ತದ ಕಾಯಿಲೆಯ ಒಂದೇ ಕೆಟ್ಟ ಪ್ರತಿ, ಇರ್ಬೋದು, ಹಿಮೋಗ್ಲೋಬಿನ್ ಬಗೆ ನೋಡೋ ಎಚ್‌ಪಿಎಲ್‌ಸಿ ಟೆಸ್ಟ್ ಮಾಡಿದ್ರೆ ಎಚ್‌ಬಿಎ2 ಅನ್ನೋ ಬಗೆ ಮೂರೂವರೆ ಪರ್ಸೆಂಟ್ ಮೇಲೆ ಬರುತ್ತೆ. ಅವ್ರಿಗೆ ಏನೂ ತೊಂದ್ರೆ ಇಲ್ಲ, ಆದ್ರೆ ಗಂಡನಿಗೂ ಅದೇ ಇದ್ರೆ ಮಗುಗೆ ಮೇಜರ್ ಬಂದು ತಿಂಗಳು ತಿಂಗಳು ರಕ್ತ ಹಾಕ್ಸೋ ಪರಿಸ್ಥಿತಿ ಬರ್ಬೋದು. ಮದ್ವೆಗೆ ಮುಂಚೆ, ಅದಾಗ್ದಿದ್ರೆ ಬಸುರಿ ಆದ ಮೊದಲ ತಿಂಗಳುಗಳಲ್ಲೇ ನೋಡ್ಸಿ. ಜಾತಕ ಬೇಕಾದ್ರೆ ನೋಡಿ, ಇದನ್ನೂ ನೋಡಿ.

ಕೊಪ್ಪ_ಮೇಷ್ಟ್ರು:
ನಾನು ಚಿಕ್ಕಮಗಳೂರು ಕಡೆಯವ. ಈ ಚರ್ಚೆಲಿ ನಮ್ಮ ಮಲೆನಾಡಿನದ್ದೊಂದು ಹೇಳ್ಲೇಬೇಕು ಮಾರಾಯ್ರೆ. ಹಂದಿಗೋಡು ಕಾಯಿಲೆ ಕೇಳಿದೀರಲ್ಲ. 1970ರ ದಶಕದ ನಡುವಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಮೊದಲು ಗಮನಕ್ಕೆ ಬಂದಿದ್ದು, ಆಮೇಲೆ ಶಿವಮೊಗ್ಗ ಮತ್ತು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಸಿಕ್ತು. ಸೊಂಟ ಮಂಡಿ ಕೀಲು ಸವೆದು ನಡೆಯೋಕಾಗೋದಿಲ್ಲ, ಕೆಲವರು ಗಿಡ್ಡ ಆಗೇ ಉಳೀತಾರೆ. ಗದ್ದೆಗೆ ಹೊಡೆದ ಔಷಧಿ, ಆ ಗದ್ದೆಯ ಏಡಿ ತಿಂದಿದ್ದು ಕಾರಣ ಅಂತ ಮೊದಲು ಅನುಮಾನ ಪಟ್ರು. ಆಮೇಲೆ ಐಸಿಎಂಆರ್‌ನವರು ಮನೆ ಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿದ ಮೇಲೆ ಇದು ಮೂಳೆ ಬೆಳವಣಿಗೆಯ ವಂಶವಾಹಿ ಕಾಯಿಲೆ, ತಂದೆ ತಾಯಿಲಿ ಒಬ್ಬರಿಗಿದ್ರೂ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ ಅಂತ ತಿಳೀತು.
ಇಲ್ಲಿ ಎರಡು ಮಾತು. ಒಂದು, ಏಡಿ ತಿಂದಿದ್ದಕ್ಕೆ ನಿಮಗೆ ಹೀಗಾಯ್ತು ಅಂತ ಬಡವರ ಊಟದ ಮೇಲೆ ಹಾಕಿದ ಹೊರೆ ಇಳೀಬೇಕಾದ್ರೆ ಈ ಸಂಶೋಧನೆ ಬೇಕಾಯ್ತು. ಎರಡು, ವಂಶದ್ದು ಅಂತ ಗೊತ್ತಾದ ಮಾತ್ರಕ್ಕೆ ಆ ಮನೆಗಳಿಗೆ ಮದ್ದು ಬಂದು ಬಿಡಲಿಲ್ಲ. ಅವ್ರಿಗೆ ಬೇಕಿರೋದು ಪಿಂಚಣಿ, ಕೀಲು ಆಪರೇಷನ್ನು, ಮಕ್ಕಳನ್ನ ಶಾಲೆಗೆ ಕರ್ಕೊಂಡ್ ಹೋಗೋ ಗಾಡಿ. ಜೀನ್ ಸಂಶೋಧನೆ ಬಗ್ಗೆ ಮಾತಾಡೋವಾಗ ಅದರಿಂದ ಆ ಮನೆಗೆ ಎಂತ ಸಿಕ್ತು ಅಂತಾನೂ ಕೇಳ್ಬೇಕು ನಾವು.

ಬೇಲೂರು_ಜೆನೆಟಿಕ್ಸ್:
ಮೇಷ್ಟ್ರೇ ನೀವು ಹೇಳಿದ್ದು ಅಕ್ಷರಶಃ ಸರಿ, ಇದನ್ನ ನಮ್ಮ ಕ್ಷೇತ್ರದೋರೇ ಮರೀತೀವಿ. ಎಫ್‌ಎಚ್ ಬಗ್ಗೆ ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ, ಇಲ್ಲಿ ಗೊತ್ತಾದ್ರೆ ಮಾಡೋಕೆ ಕೆಲಸ ಇದೆ, ಮಾತ್ರೆ ಇದೆ. ಜೀನ್ ಸಂಶೋಧನೆಯಿಂದ್ಲೇ ಔಷಧಿ ಬಂದ ಉದಾಹರಣೆನೂ ಇಲ್ಲೇ ಇದೆ. 2003ರಲ್ಲಿ ಫ್ರಾನ್ಸಿನ ಕೆಲವು ಮನೆಗಳಲ್ಲಿ ಪಿಸಿಎಸ್‌ಕೆ9 ಅನ್ನೋ ಜೀನ್ ಅತಿಯಾಗಿ ಕೆಲಸ ಮಾಡಿ ಕೊಲೆಸ್ಟ್ರಾಲ್ ಏರಿಸೋದು ಕಂಡ್ರು. ಆಮೇಲೆ ಅಮೆರಿಕದಲ್ಲಿ ಅದೇ ಜೀನ್‌ನ ಒಂದು ಪ್ರತಿ ಹುಟ್ಟಿನಿಂದ್ಲೇ ಕೆಲಸ ಮಾಡದ ಕಪ್ಪು ಜನರನ್ನ ನೋಡಿದ್ರೆ ಎಲ್‌ಡಿಎಲ್ 28 ಪರ್ಸೆಂಟ್ ಕಮ್ಮಿ, ಹಾರ್ಟ್ ಕಾಯಿಲೆ 88 ಪರ್ಸೆಂಟ್ ಕಮ್ಮಿ, 2006ರಲ್ಲಿ ಪ್ರಕಟ ಆಯ್ತು. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಹುಟ್ಟಿನಿಂದ ಸ್ವಲ್ಪ ಕಮ್ಮಿ ಇದ್ರೂ ಜೀವಮಾನದಲ್ಲಿ ಅಷ್ಟು ದೊಡ್ಡ ರಕ್ಷಣೆ. ಆ ಜೀನ್ ಮಾಡೋ ಪ್ರೋಟೀನನ್ನೇ ತಡೆಯೋ ಇಂಜೆಕ್ಷನ್‌ಗಳಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಇಲ್ಲೂ ಸಿಗುತ್ತೆ ಆದ್ರೆ ದುಬಾರಿ, ಹೆಚ್ಚಿನೋರಿಗೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ, ಜೊತೆಗೆ ಎಜೆಟಿಮೈಬ್ ಅನ್ನೋ ಇನ್ನೊಂದು ಮಾತ್ರೆಲೇ ಬಹಳ ದೂರ ಹೋಗ್ಬೋದು.

ಸಾಲಗಾಮೆ_ರೋಡ್:
ಎಲ್ರಿಗೂ ಥ್ಯಾಂಕ್ಸ್. ಅಣ್ಣನ ಹಳೇ ಫೈಲ್ ಹುಡುಕಿದ್ವಿ, ಸೊಸೈಟಿ ಕ್ಯಾಂಪಲ್ಲಿ ಮೂರ್ನಾಲ್ಕು ವರ್ಷದ ಹಿಂದೆ ಮಾಡ್ಸಿದ್ದು ಸಿಕ್ತು, ಎಲ್‌ಡಿಎಲ್ 232. ಯಾರೂ ಏನೂ ಹೇಳಿರ್ಲಿಲ್ಲ, ಎಣ್ಣೆ ಪದಾರ್ಥ ಕಮ್ಮಿ ಮಾಡಿ ಅಂದ್ರಂತೆ ಅಷ್ಟೆ. ನಾನು ನಿನ್ನೆ ಮಾಡ್ಸಿದೆ, ನಂದು 218. ಕೈ ನಡುಗ್ತಿದೆ ನಿಜ ಹೇಳ್ಬೇಕಂದ್ರೆ. ಈಗ ಆ ಎಂಜಲು ಕಿಟ್ ತರ್ಸಲಾ?

ಬೇಲೂರು_ಜೆನೆಟಿಕ್ಸ್:
ಗಾಬರಿ ಬೇಡ. 190 ದಾಟಿದ್ರೆ, ಅದೂ ಇಂಥ ಮನೇಲಿ, ಎಫ್‌ಎಚ್ ಅನುಮಾನ ಗಟ್ಟಿ. ಥೈರಾಯ್ಡ್ ಕಮ್ಮಿ ಇದ್ರೂ ಕಿಡ್ನಿ ತೊಂದ್ರೆ ಇದ್ರೂ ಎಲ್‌ಡಿಎಲ್ ಏರುತ್ತೆ, ಆದ್ರಿಂದ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತೆ ಮೂತ್ರ ಪರೀಕ್ಷೆನೂ ಮಾಡ್ಸಿ. ಈ ವಾರವೇ ಕಾರ್ಡಿಯಾಲಜಿಸ್ಟ್ ಹತ್ರ ಹೋಗಿ, ಎರಡು ರಿಪೋರ್ಟೂ ತಗೊಂಡು ಹೋಗಿ, ಅಪ್ಪನ ವಯಸ್ಸು ಹೇಳಿ. ಚಿಕಿತ್ಸೆ ಶುರು ಮಾಡೋಕೆ ಜೀನ್ ಟೆಸ್ಟ್ ರಿಪೋರ್ಟಿಗೆ ಕಾಯಬೇಕಿಲ್ಲ, ಇದು ತುಂಬಾ ಮುಖ್ಯ.

ಕಿಟ್ ಬೇಡ ಅಂತೀನಿ. ಅಂಥ ಎಷ್ಟೋ ಕಿಟ್‌ಗಳು ಜೀನ್ ಪೂರ್ತಿ ಓದಲ್ಲ, ಮೊದಲೇ ಗೊತ್ತಿರೋ ಕೆಲವು ಜಾಗಗಳನ್ನ ಮಾತ್ರ ನೋಡ್ತವೆ. ಎಲ್‌ಡಿಎಲ್ ರಿಸೆಪ್ಟರ್ ಜೀನಲ್ಲಿ ಸಾವಿರಕ್ಕೂ ಹೆಚ್ಚು ಥರದ ಕೆಡುಕು ಇವೆ, ನಿಮ್ಮನೇದು ಅವ್ರು ನೋಡೋ ಜಾಗದಲ್ಲಿ ಇಲ್ದಿದ್ರೆ ರಿಸ್ಕ್ ಕಮ್ಮಿ ಅಂತ ಹಸಿರು ಬಣ್ಣದಲ್ಲಿ ರಿಪೋರ್ಟ್ ಬರುತ್ತೆ, ನೀವು ಮಾತ್ರೆ ಬಿಡ್ತೀರಿ. ಇನ್ನು ಸಾವಿರಾರು ಸಣ್ಣ ಸಣ್ಣ ಬದಲಾವಣೆ ಕೂಡಿಸಿ ಕೊಡೋ ಪಾಲಿಜೆನಿಕ್ ಸ್ಕೋರ್, ಅದನ್ನ ಕಟ್ಟಿರೋದು ಹೆಚ್ಚಾಗಿ ಯುರೋಪಿನ ಜನರ ಮಾಹಿತಿ ಮೇಲೆ, ನಮ್ಮೋರಲ್ಲಿ ಅಷ್ಟು ಸರಿ ಬರಲ್ಲ. ಇದನ್ನ ಸರಿಪಡಿಸೋ ಕೆಲಸ ಶುರು ಆಗಿದೆ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿರೋ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರದಷ್ಟು ಭಾರತೀಯರ ಜೀನೋಮ್ ಓದಿ 2025ರ ಜನವರಿಲಿ ಸಂಶೋಧಕರಿಗೆ ಬಿಡುಗಡೆ ಮಾಡಿದೆ.

ಜೀನ್ ಟೆಸ್ಟ್ ಮಾಡ್ಸೋದಾದ್ರೆ ಮೊದ್ಲು ಅಣ್ಣಂಗೆ. ಕಾಯಿಲೆ ಬಂದಿರೋರಲ್ಲಿ ಮೊದ್ಲು ಹುಡುಕಿದ್ರೆ ಬಂದ ಉತ್ತರಕ್ಕೆ ಹೆಚ್ಚು ಅರ್ಥ. ಅವ್ರಲ್ಲಿ ಇಂಥ ಜಾಗದಲ್ಲಿ ಇಂಥ ಬದಲಾವಣೆ ಅಂತ ಸಿಕ್ತು ಅಂದ್ಕೊಳ್ಳಿ, ಆಮೇಲೆ ನಿಮಗೆ, ನಿಮ್ಮ ಒಡಹುಟ್ಟಿದೋರಿಗೆ, ಮಕ್ಕಳಿಗೆ ಅದೊಂದೇ ಜಾಗ ನೋಡಿದ್ರೆ ಸಾಕು, ಖರ್ಚೂ ಕಮ್ಮಿ, ಉತ್ತರ ಇದೆ ಅಥವಾ ಇಲ್ಲ ಅಂತ ನೇರ. ನೀವೇ ಮೊದ್ಲು ಮಾಡ್ಸಿ ಏನೂ ಸಿಗ್ಲಿಲ್ಲ ಅಂದ್ರೆ ನಿಮಗೆ ಬಂದಿಲ್ವೋ, ಇದ್ದೂ ಟೆಸ್ಟಿಗೆ ಸಿಗ್ಲಿಲ್ವೋ ಹೇಳೋಕಾಗಲ್ಲ. ಅನಿಶ್ಚಿತ ಬದಲಾವಣೆ, ಅಂದ್ರೆ ಕಾಯಿಲೆ ತರುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ ಅಂತಾನೂ ಒಂದು ಉತ್ತರ ಬರ್ಬೋದು. ಹಳೇ ಪಹಣಿಲಿ ಒಂದಕ್ಷರ ಬೇರೆ ಇದ್ರೆ ಬರೆದೋರ ಕೈತಪ್ಪೋ ಜಮೀನೇ ಬೇರೆಯೋ ಅಂತ ತೀರ್ಮಾನ ಆಗೋಕೆ ಅಕ್ಕಪಕ್ಕದ ದಾಖಲೆ ಎಲ್ಲ ಬೇಕಲ್ಲ, ಹಾಗೆ. ಅಂಥ ಉತ್ತರ ಬಂದ್ರೆ ಅದರ ಮೇಲೆ ಯಾವ ನಿರ್ಧಾರಾನೂ ತಗೋಬಾರ್ದು.

ಅರಕಲಗೂಡು_ಗೌಡ:
ಮೇಡಮ್ಮಾರೆ, ಓದ್ತಾ ಇದೀನಿ ಎಲ್ಲಾ. 232 ಅಂತ ಮುಂಚೇನೇ ಬರ್ದಿತ್ತು ಅಂದ್ರೆ ಹೊಟ್ಟೆ ಉರೀತದೆ. ಒಂದು ಕೇಳ್ತೀನಿ, ವಂಶದಲ್ಲೇ ಬರ್ದೈತೆ ಅಂದ್ಮೇಲೆ ಊಟ ನಡಿಗೆ ಎಲ್ಲ ಕಟ್ಕೊಂಡು ಏನು ಪ್ರಯೋಜ್ನ? ಬರೋದು ಬಂದೇ ಬರ್ತದಲ್ಲ.

ಬೇಲೂರು_ಜೆನೆಟಿಕ್ಸ್:
ಗೌಡ್ರೆ ಒಳ್ಳೇ ಪ್ರಶ್ನೆ. 2016ರಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ಮೇಲಿನ ಒಂದು ಅಧ್ಯಯನ ಬಂತು. ಜೀನ್ ಪ್ರಕಾರ ಅಪಾಯ ಅತಿ ಹೆಚ್ಚಿದ್ದ ಗುಂಪಿನಲ್ಲೇ, ಸಿಗರೇಟ್ ಸೇದದೆ, ತೂಕ ಹತೋಟಿಲಿ ಇಟ್ಕೊಂಡು, ವ್ಯಾಯಾಮ ಮಾಡಿ, ಊಟ ಸರಿ ಇಟ್ಕೊಂಡೋರಲ್ಲಿ ಹಾರ್ಟ್ ಕಾಯಿಲೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ನಿಮ್ಮ ಮುದ್ದೆ ಸೊಪ್ಪಿನ ಸಾರಿಗೆ ಬೆಲೆ ಇದ್ದೇ ಇದೆ. ಎಫ್‌ಎಚ್ ಇದ್ರೆ ಅದು ಸಾಲಲ್ಲ, ಮಾತ್ರೆನೂ ಬೇಕು, ಎರಡೂ ಸೇರಿದ್ರೆ ಎಷ್ಟೋ ಜನ ತುಂಬು ಆಯಸ್ಸು ಬದುಕ್ತಾರೆ. ಮಾತ್ರೆ ನೋಡಿ ಇವ್ನಿಗೇನೋ ಆಗಿದೆ ಅಂತ ಊರೋರು ಮಾತಾಡ್ತಾರೆ ಅಂತ ಬಿಡೋರನ್ನ ನೋಡಿದೀನಿ, ಅದು ಆಗ್ಬಾರ್ದು.

ಕೊಪ್ಪ_ಮೇಷ್ಟ್ರು:
ನಮ್ಮವರಲ್ಲಿ ನೂರಕ್ಕೆ ನಾಲ್ಕು ಜನಕ್ಕೆ ಹಾರ್ಟ್ ಕೆಡಿಸೋ ಜೀನ್ ಇದೆ ಅಂತ ಹಿಂದೆ ಓದಿದ್ದೆ, ಅದೂ ಇದೂ ಒಂದೆಯಾ?

ಬೇಲೂರು_ಜೆನೆಟಿಕ್ಸ್:
ಬೇರೆ ಮೇಷ್ಟ್ರೇ. ಅದು ಎಂವೈಬಿಪಿಸಿ3 ಅನ್ನೋ ಜೀನಲ್ಲಿ 25 ಅಕ್ಷರ ಬಿಟ್ಟುಹೋಗಿರೋದು, ಹೈದರಾಬಾದಿನ ಸಿಸಿಎಂಬಿ ಅನ್ನೋ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ 2009ರಲ್ಲಿ ಪ್ರಕಟಿಸಿದ್ದು. ಅದು ಹಾರ್ಟಿನ ಸ್ನಾಯುವಿಗೆ ಸಂಬಂಧಪಟ್ಟಿದ್ದು, ರಕ್ತನಾಳದ ಬ್ಲಾಕಿಗಲ್ಲ. ಅದನ್ನ ಇಟ್ಕೊಂಡೋರಲ್ಲೂ ಬಹಳ ಜನ ಏನೂ ಇಲ್ದೆ ಇರ್ತಾರೆ. ಸ್ನಾಯು ದಪ್ಪ ಆಗೋ ಕಾಯಿಲೆ ಎಕೋದಲ್ಲಿ, ಅಂದ್ರೆ ಹಾರ್ಟಿನ ಸ್ಕ್ಯಾನಲ್ಲಿ, ಕಾಣುತ್ತೆ, ಆಟ ಆಡ್ತಾ ಪ್ರಜ್ಞೆ ತಪ್ಪಿ ಬಿದ್ದ ಹುಡುಗರಿಗೆ, ಮನೇಲಿ ಎಳೇ ವಯಸ್ಸಲ್ಲಿ ಹಠಾತ್ ಸಾವು ಆಗಿದ್ರೆ, ಇಸಿಜಿ ಮತ್ತು ಎಕೋ ಎರಡೂ ಮಾಡಿಸ್ಲೇಬೇಕು.

ಚಿಕ್ಕಮಗಳೂರು_ಪಾಲಿಸಿ:
ನಾನು ಇನ್ಶೂರೆನ್ಸ್ ಕೆಲಸ ಮಾಡೋನು. ಜೀನ್ ಟೆಸ್ಟ್ ಮಾಡ್ಸಿದ್ರೆ ಪಾಲಿಸಿ ಕೊಡಲ್ಲ ಅಂತ ಹೆದರೋರು ತುಂಬಾ ಜನ. 2018ರ ಫೆಬ್ರವರಿಲಿ ದೆಹಲಿ ಹೈಕೋರ್ಟ್ ಒಂದು ಕೇಸಲ್ಲಿ ಜೆನೆಟಿಕ್ ಕಾಯಿಲೆ ಅಂತ ಅಷ್ಟಕ್ಕೇ ಹೆಲ್ತ್ ಕ್ಲೇಮ್ ನಿರಾಕರಿಸೋದು ತಾರತಮ್ಯ ಅಂತ ಹೇಳಿದೆ, ಅದೂ ಇದೇ ಹಾರ್ಟ್ ಸ್ನಾಯು ದಪ್ಪ ಆಗೋ ಕಾಯಿಲೆಯ ಕೇಸು. ಆದ್ರೆ ಅಮೆರಿಕದಲ್ಲಿ 2008ರಲ್ಲಿ ಮಾಡಿದ ಥರ ಇದಕ್ಕೇ ಅಂತ ಬೇರೆ ಕಾನೂನು ನಮ್ಮಲ್ಲಿಲ್ಲ. ಅರ್ಜಿಲಿ ತಂದೆ ತಾಯಿ ಯಾವ ಕಾಯಿಲೆಲಿ ಹೋದ್ರು ಅಂತ ಕೇಳಿದ್ರೆ ಇದ್ದಿದ್ದು ಇದ್ದಂಗೆ ಬರೀರಿ, ಮುಚ್ಚಿಟ್ರೆ ನಾಳೆ ಮನೆಯೋರು ಕ್ಲೇಮಿಗೆ ಅಲೀಬೇಕಾಗುತ್ತೆ.
ಎಂಜಲು ಕಿಟ್ ತಗೊಳೋರು ಇನ್ನೊಂದು ನೋಡ್ಕೊಳ್ಳಿ. 23ಆಂಡ್‌ಮಿ ಅನ್ನೋ ಅಮೆರಿಕದ ದೊಡ್ಡ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಕೆ ಆಯ್ತು, 2025ರ ಮಾರ್ಚಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕ್ತು. ಪಾಸ್‌ವರ್ಡ್ ಸೋರಿದ್ರೆ ಬದಲಾಯಿಸ್ಬೋದು, ಜೀನ್ ಬದಲಾಯ್ಸೋಕಾಗಲ್ಲ, ಅದ್ರಲ್ಲಿ ನಿಮ್ಮ ಮಕ್ಕಳ ಮಾಹಿತಿನೂ ಇರುತ್ತೆ.

ಸಾಲಗಾಮೆ_ರೋಡ್:
ಡಾಕ್ಟರ್ ಹತ್ರ ಹೋಗಿಬಂದೆ. ಮಾತ್ರೆ ಬರ್ಕೊಟ್ರು, ಎಕೋ, ಟಿಎಂಟಿ (ನಡೆಸಿ ನೋಡೋ ಇಸಿಜಿ) ಆಯ್ತು, ಸದ್ಯ ತೊಂದ್ರೆ ಕಾಣ್ತಿಲ್ಲ ಅಂದ್ರು. ಅಣ್ಣಂಗೆ ಬೆಂಗಳೂರಿನಲ್ಲಿ ಜೀನ್ ಟೆಸ್ಟ್ ಮಾಡ್ಸೋಣ ಅಂತ ಅವ್ರೇ ಹೇಳಿದ್ರು. ಅಣ್ಣ ರಕ್ತ ತೆಳು ಮಾಡೋಕೆ ಕ್ಲೋಪಿಡೋಗ್ರೆಲ್ ತಗೋತಿದಾನೆ, ಅದೂ ಜೀನ್ ಮೇಲೆ ಕೆಲವರಿಗೆ ಕೆಲಸ ಮಾಡಲ್ಲ ಅಂತ ವಾಟ್ಸಾಪಲ್ಲಿ ಬಂತು, ಬಿಟ್ಬಿಡ್ಲಾ ಅಂತಿದಾನೆ. ಇನ್ನೊಂದು ನಂಗೆ ಜಾಸ್ತಿ ಕೊರೀತಿರೋದು, ತಂಗಿನ ಅರಸೀಕೆರೆಗೆ ಕೊಟ್ಟಿದೀವಿ, ಅವ್ಳಿಗೆ 31, ಒಂದು ಮಗು, ಇನ್ನೊಂದಕ್ಕೆ ನೋಡ್ತಿದಾರೆ. ಇದನ್ನ ಹೇಳಿದ್ರೆ ಅವ್ರ ಮನೆಯೋರು ಕಾಯಿಲೆ ಇರೋ ಮನೆಯಿಂದ ಹೆಣ್ಣು ತಂದ್ವಿ ಅಂದ್ರೆ ಏನ್ ಮಾಡೋದು.

ಬೇಲೂರು_ಜೆನೆಟಿಕ್ಸ್:
ಅಣ್ಣಂಗೆ ದಯವಿಟ್ಟು ಹೇಳಿ, ಸ್ಟೆಂಟ್ ಹಾಕಿದೋರು ತಾವೇ ಆ ಮಾತ್ರೆ ಬಿಟ್ರೆ ಸ್ಟೆಂಟಲ್ಲೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರುತ್ತೆ. ಸಿವೈಪಿ2ಸಿ19 ಅನ್ನೋ ಜೀನ್ ಸರಿ ಇಲ್ದೋರಲ್ಲಿ ಆ ಮಾತ್ರೆ ಮೈಯಲ್ಲಿ ಪೂರ್ತಿ ಕೆಲಸಕ್ಕೆ ಬರಲ್ಲ ಅನ್ನೋದು ನಿಜ, ಅಮೆರಿಕದ ಔಷಧ ಇಲಾಖೆ 2010ರಲ್ಲೇ ಎಚ್ಚರಿಕೆ ಕೊಟ್ಟಿದೆ, ನಮ್ಮೋರಲ್ಲಿ ಆ ಬದಲಾವಣೆ ಕಮ್ಮಿ ಏನಿಲ್ಲ. ಆದ್ರೆ ಅದಕ್ಕೆ ಬದಲಿ ಮಾತ್ರೆಗಳಿವೆ, ಬದಲಾಯಿಸೋದು ಡಾಕ್ಟರ್ ಕೆಲಸ.

ತಂಗಿಗೆ ಹೇಳ್ಲೇಬೇಕು, ಅವ್ರಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆ. ಮುಂದಿನ ಮಗುಗೆ ನೋಡ್ತಿರೋದ್ರಿಂದ ಇನ್ನೂ ಬೇಗ ಹೇಳ್ಬೇಕು, ಬಸುರಿ ಆಗೋ ಮುಂಚೆ ಸ್ಟ್ಯಾಟಿನ್ ಸಾಮಾನ್ಯವಾಗಿ ನಿಲ್ಲಿಸ್ತಾರೆ, ಅದನ್ನೆಲ್ಲ ಡಾಕ್ಟರ್ ಜೊತೆ ಮೊದಲೇ ಮಾತಾಡಿ ತೀರ್ಮಾನ ಮಾಡ್ಕೋಬೇಕು.

ಚನ್ನರಾಯಪಟ್ಟಣ_ಸವಿತಕ್ಕ:
ತಮ್ಮಾ, ಹೆಣ್ಣು ಕೊಟ್ಟ ಮನೆಗೆ ಹೇಗೆ ಹೇಳ್ಬೇಕು ಅಂತ ನನ್ನ ಕೇಳು. ಫೋನಲ್ಲಿ ಬೇಡ, ಅವ್ಳ ಅತ್ತೆ ಎದುರಿಗೂ ಬೇಡ. ಅಮ್ಮನ ಆರೋಗ್ಯ ನೋಡೋ ನೆಪದಲ್ಲಿ ತಂಗಿ ಭಾವ ಇಬ್ರುನ್ನೂ ಕರ್ಸು, ಮೊದ್ಲು ಭಾವನ ಹತ್ರ ನೀನೇ ಕೂತು ಮಾತಾಡು, ನಂಗೂ ಕೊಲೆಸ್ಟ್ರಾಲ್ ಜಾಸ್ತಿ ಇತ್ತು, ಡಾಕ್ಟರು ಮನೆಯೋರೆಲ್ಲ ಒಂದ್ಸಲ ನೋಡ್ಸಿ ಅಂದಿದಾರೆ ಅಂತ ಹೇಳು. ರಕ್ತ ಪರೀಕ್ಷೆ ಅಂದ್ರೆ ಯಾರೂ ಬೇಡ ಅನ್ನಲ್ಲ, ಜೀನು ವಂಶ ಅಂತ ಶುರುಲೇ ಹೇಳಿದ್ರೆ ಗಾಬರಿ ಆಗ್ತಾರೆ. ರಿಪೋರ್ಟ್ ಬಂದ್ಮೇಲೆ ಭಾವಂಗೆ ಎಲ್ಲಾ ಬಿಡ್ಸಿ ಹೇಳು, ಮುಚ್ಚಿಡ್ಬೇಡ. ತಂಗಿ ಮಾತ್ರೆ ತಿನ್ಬೇಕಾದ್ರೆ ಭಾವನ ಬೆಂಬಲ ಬೇಕಲ್ಲ.

ಸಾಲಗಾಮೆ_ರೋಡ್:
ಸವಿತಕ್ಕ ತುಂಬಾ ಥ್ಯಾಂಕ್ಸ್, ಹಾಗೇ ಮಾಡ್ತೀನಿ. ನನ್ನ ಮಗಳಿಗೆ 9 ವರ್ಷ, ಅವ್ಳಿಗೂ ಈಗ್ಲೇ ನೋಡ್ಸ್ಬೇಕಾ? ಚುಚ್ಚಿದ್ರೆ ಊರು ಒಂದು ಮಾಡ್ತಾಳೆ.

ಬೇಲೂರು_ಜೆನೆಟಿಕ್ಸ್:
ನೋಡ್ಸಿ. ಉಳಿದೋರಿಗೆ 18ಕ್ಕೆ ಮೊದಲ ಲಿಪಿಡ್ ಟೆಸ್ಟ್ ಅಂತ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೇಳಿದೆ, ಆದ್ರೆ ಇಂಥ ಮನೆಯ ಮಕ್ಕಳಿಗೆ ಅಷ್ಟು ಕಾಯಬಾರ್ದು. ಅವಳಿಗೆ ಲಿಪಿಡ್ ಒಂದೇ ಸಾಕು, ಜೀನ್ ಟೆಸ್ಟ್ ವಿಷಯ ಅಣ್ಣನ ಫಲಿತಾಂಶ ಬಂದ್ಮೇಲೆ. ಎಲ್‌ಡಿಎಲ್ ಜಾಸ್ತಿ ಬಂದ್ರೂ ತಕ್ಷಣ ಮಾತ್ರೆ ಅಂತ ಅಲ್ಲ, ಮಕ್ಕಳ ಡಾಕ್ಟರ್ ಇನ್ನೊಂದ್ಸಲ ನೋಡಿ ನಿರ್ಧಾರ ಮಾಡ್ತಾರೆ. ನಿಮಗೂ ಅಣ್ಣಂಗೂ ಎಲ್‌ಪಿ ಲಿಟಲ್ ಎ ಅನ್ನೋ ರಕ್ತ ಪರೀಕ್ಷೆನೂ ಒಂದ್ಸಲ ಮಾಡ್ಸಿ, ಅದು ಎಲ್‌ಡಿಎಲ್ ಥರದ್ದೇ ಇನ್ನೊಂದು ಕೊಲೆಸ್ಟ್ರಾಲ್ ಕಣ. ಅದರ ಮಟ್ಟ ಹೆಚ್ಚುಕಮ್ಮಿ ಪೂರ್ತಿ ಜೀನ್ ಮೇಲೇ ನಿಂತಿರುತ್ತೆ, ಊಟ ವ್ಯಾಯಾಮದಿಂದ ಹೆಚ್ಚು ಬದಲಾಗಲ್ಲ, ಆದ್ರಿಂದ ಜೀವನದಲ್ಲಿ ಒಂದ್ಸಲ ನೋಡಿದ್ರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ರೆ ಅಪಾಯ ಹೆಚ್ಚು, ನಮ್ಮ ದೇಶದಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅಷ್ಟಿರುತ್ತೆ.

ಅರಕಲಗೂಡು_ಗೌಡ:
ನಮ್ಮ ಚಿಕ್ಕಪ್ಪನ ಮಗನೂ 46ಕ್ಕೆ ಹೋದ. ಅವ್ನ ಹುಡುಗ್ರು ಇಬ್ರು ಅವ್ರೆ, ದೊಡ್ಡೋನು ಬೆಂಗಳೂರಲ್ಲಿ, ಚಿಕ್ಕೋನು ಇಲ್ಲೇ. ಈ ಲಿಟಲ್ ಎ ಅಂದ್ರಲ್ಲ, ಅದು ನಮ್ಮೂರ ಕಡೆ ಮಾಡ್ತಾರಾ, ಹಾಸನಕ್ಕೇ ಬರ್ಬೇಕಾ?

ಲ್ಯಾಬ್_ಅಕ್ಕ_ಹಾಸನ:
ಗೌಡ್ರೆ, ತಾಲೂಕಲ್ಲೇ ರಕ್ತ ತಗೋತಾರೆ, ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಎರಡ್ಮೂರು ದಿನಕ್ಕೆ ರಿಪೋರ್ಟ್ ಬರುತ್ತೆ. ಮೊದ್ಲು ಲಿಪಿಡ್ ಪ್ರೊಫೈಲ್ ಮಾಡ್ಸಿ, ಖಾಲಿ ಹೊಟ್ಟೆ ಕಡ್ಡಾಯ ಏನಿಲ್ಲ, ಟ್ರೈಗ್ಲಿಸರೈಡ್ ಜಾಸ್ತಿ ಬಂದ್ರೆ ಮಾತ್ರ ಇನ್ನೊಂದ್ಸಲ ಉಪವಾಸ ಇದ್ದು ಬರೋಕೆ ಹೇಳ್ತಾರೆ. ಎರಡೂ ಒಟ್ಟಿಗೆ ಬರ್ಕೊಡಿ ಅಂತ ಡಾಕ್ಟರ್ ಹತ್ರ ಚೀಟಿ ತಗೊಂಡ್ರೆ ಹುಡುಗ್ರಿಗೆ ಒಂದೇ ಸಲ ಚುಚ್ಚಿದ್ರೆ ಆಯ್ತು. ಬೆಂಗಳೂರಲ್ಲಿರೋನಿಗೂ ಇವತ್ತೇ ಫೋನ್ ಮಾಡಿ ಹೇಳಿ.